ಗೊರಕೆಯ ನಡುವೆ ಉಸಿರು ನಿಂತರೆ

ಜುಮಾ ಖುತ್ಬಾ ಶುರುವಾಗುತ್ತಲೇ ತೂಕಡಿಸುವ ಹಿರಿಯರನ್ನು ಕಂಡು ನಾವು ‘ವಯಸ್ಸಾಯ್ತಲ್ಲ’ ಅಂತ ಸುಮ್ಮನಾಗುತ್ತೇವೆ. ಗಲ್ಫ್‌ನಿಂದ ಮರಳಿ ಮೈ ಬಂದವರ ಗೊರಕೆಯಂತೂ ಮನೆಮಂದಿಗೆ ತಮಾಷೆ.

ಆದರೆ ಜೋರಾದ ಗೊರಕೆ ಥಟ್ಟನೆ ನಿಂತು, ಆಮೇಲೆ ಏದುಸಿರಿನೊಂದಿಗೆ ಮತ್ತೆ ಶುರುವಾಗುತ್ತಿದ್ದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ನಿದ್ದೆಯಲ್ಲಿ ಗಂಟಲ ಸ್ನಾಯು ಸಡಿಲಗೊಂಡು ಉಸಿರಿನ ದಾರಿ ಮುಚ್ಚುತ್ತದೆ. ಕನಿಷ್ಠ 10 ಸೆಕೆಂಡು ಉಸಿರಿಗೆ ತಡೆ. ಕಾಯಿಲೆ ತೀವ್ರವಾದವರಲ್ಲಿ ಗಂಟೆಗೆ 30ಕ್ಕೂ ಹೆಚ್ಚು ಸಲ ಹೀಗಾಗುತ್ತದೆ. ಆಮ್ಲಜನಕ ಇಳಿದು ಹೃದಯಕ್ಕೆ ಹೊರೆ ಬೀಳುತ್ತದೆ. ಮಾತ್ರೆ ನುಂಗಿದರೂ ಬಿ.ಪಿ. ಇಳಿಯದಿರುವುದಕ್ಕೆ ಇದೂ ಕಾರಣವಿದ್ದೀತು. ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳುವುದನ್ನು ನಾವೆಲ್ಲ ಪ್ರಾಸ್ಟೇಟ್ ಇಲ್ಲವೇ ಶುಗರ್ ತಲೆಗೆ ಕಟ್ಟುತ್ತೇವೆ, ಆಪ್ನಿಯಾದಿಂದಲೂ ಹಾಗಾಗುತ್ತದೆ.

ವೈದ್ಯರನ್ನು ಕೇಳದೆ ನಿದ್ದೆ ಮಾತ್ರೆ ತಗೊಳ್ಳೋದು ಇಲ್ಲಿ ಅಪಾಯ. ಉಸಿರಿನ ತಡೆ ಇನ್ನೂ ಹೆಚ್ಚಬಹುದು.

ಮಲಗಿದವರಿಗೆ ಇದು ಗೊತ್ತಾಗೋದೇ ಕಮ್ಮಿ. ಗೊತ್ತಿರುವುದು ಪಕ್ಕದಲ್ಲಿರುವ ಹೆಂಡತಿಗೆ. ಗೊರಕೆ ತಾಳಲಾರದೆ ಅವರೂ ಬೇರೆ ಕೋಣೆ ಸೇರಿದ್ದರೆ ಹೇಳೋರು ಯಾರು? ಮಕ್ಕಳು ಒಂದು ರಾತ್ರಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ವೈದ್ಯರಿಗೆ ಕೇಳಿಸಲಿ. ಅಗತ್ಯವಿದ್ದರೆ ಅವರು ನಿದ್ದೆಯ ಪರೀಕ್ಷೆ ಮಾಡಿಸಿ ಸಿಪ್ಯಾಪ್ ಯಂತ್ರ ಕೊಡುತ್ತಾರೆ. ಮಾಸ್ಕ್ ಮೊದಮೊದಲು ಕಿರಿಕಿರಿಯೇ, ಬಿಡಬಾರದು.