ಬಂದ ಬೆಕ್ಕು ಕಚ್ಚಿದರೆ

ನಮ್ಮ ಕಡೆ ಬೆಕ್ಕು ಸಾಕುವುದೆಂದರೆ ಮರಿ ತರುವುದೆಂದೇ ಲೆಕ್ಕ. ನೆರೆಮನೆಯ ಅಟ್ಟದಲ್ಲಿ ಹುಟ್ಟಿದ ನಾಲ್ಕು ಮರಿಗಳಲ್ಲಿ ಒಂದನ್ನು ಗೋಣಿಯಲ್ಲಿ ಹಾಕಿ, ದಾರಿ ತಿಳಿಯದಂತೆ ಬಾಯಿ ಕಟ್ಟಿ ತಂದು, ಒಲೆಯ ಬಳಿ ಬಿಟ್ಟರೆ ಕೆಲಸ ಮುಗಿಯಿತು. ಈಗ ಇನ್ನೊಂದು ಬಗೆಯ ಬೆಕ್ಕುಗಳೂ ಮನೆಗೆ ಬರುತ್ತಿವೆ. ಮಕ್ಕಳು ಬೆಂಗಳೂರಿಗೋ ಕೊಲ್ಲಿ ನಾಡಿಗೋ ಹೋಗಿ ನೆಲೆಸಿದ ಮೇಲೆ ಊರಲ್ಲಿದ್ದ ಹಿರಿಯರೂ ಅವರ ಹಿಂದೆಯೇ ಹೊರಡುತ್ತಾರೆ. ಮನೆಗೆ ಬೀಗ ಬೀಳುತ್ತದೆ, ಬೆಕ್ಕು ಮಾತ್ರ ಜಗಲಿಯಲ್ಲಿ ಉಳಿಯುತ್ತದೆ. ಅದನ್ನು ಕನಿಕರದಿಂದ ಕರೆತಂದವರ ದೂರು ಹದಿನೈದು ದಿನದೊಳಗೆ ನಮ್ಮ ಕಿವಿಗೆ ಬೀಳುತ್ತದೆ: “ನೋಡಲಿಕ್ಕೆ ಸಾಧು, ಆದರೆ ಕಚ್ಚುತ್ತದೆ ಮಾರಾಯ್ರೆ!”

ಕಚ್ಚುವ ಬೆಕ್ಕೆಲ್ಲ ಕೆಟ್ಟ ಬೆಕ್ಕಲ್ಲ. ಆದರೆ ಏತಕ್ಕೆ ಕಚ್ಚುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಕಾರಣ ಬೇರೆಯಾದರೆ ಉಪಾಯವೂ ಬೇರೆ.

ಹೆಚ್ಚಿನ ಮನೆಗಳಲ್ಲಿ ಕಾಣುವುದು ಆಟದ ಕಚ್ಚಾಟ. ಬೆಕ್ಕಿನ ಮರಿ ತಾಯಿಯೊಡನೆ, ಒಡಹುಟ್ಟಿದವುಗಳೊಡನೆ ಹೊರಳಾಡುತ್ತಾ, ಎಷ್ಟು ಬಲವಾಗಿ ಕಚ್ಚಿದರೆ ಎದುರಿನದಕ್ಕೆ ನೋವಾಗುತ್ತದೆಂಬುದನ್ನು ಕಲಿಯುತ್ತದೆ. ಕಣ್ಣು ಬಿಟ್ಟ ಕೂಡಲೇ ತಾಯಿಯಿಂದ ಬಿಡಿಸಿ ತಂದ ಮರಿಗೆ ಆ ಪಾಠ ಸಿಗುವುದಿಲ್ಲ. ಅದರ ಮೇಲೆ ಹಿಂದಿನ ಮನೆಯ ಹುಡುಗರು ಬೆರಳನ್ನೇ ಇಲಿಯಂತೆ ಕುಣಿಸಿ ಆಡಿಸಿದ್ದರೆ, ಕೈ ಎಂದರೆ ಬೇಟೆ ಎಂದೇ ಅದರ ತಲೆಯಲ್ಲಿ ಕುಳಿತಿರುತ್ತದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯಲ್ಲಿ ಇಲಿಯ ಜಾಗಕ್ಕೆ ನಮ್ಮ ಕೈ ಬಂದಿದೆ, ಅಷ್ಟೆ. ನಡೆಯುವವರ ಪಾದಕ್ಕೆ ಬಾಗಿಲ ಸಂದಿಯಿಂದ ಹಾರಿ ಬೀಳುವುದೂ, ಸೀರೆಯ ಸೆರಗಿಗೆ ಜೋತುಬೀಳುವುದೂ ಇದೇ ಜಾತಿಯದು.

ಇದಕ್ಕೆ ಕೈಯನ್ನು ಆಟದಿಂದ ಪೂರ್ತಿ ಹೊರಗಿಡಬೇಕು. ಮನೆಯಲ್ಲಿ ಒಬ್ಬರು ಬಿಟ್ಟು ಇನ್ನೊಬ್ಬರು ಬೆರಳು ಕುಣಿಸಿದರೆ ಪ್ರಯೋಜನವಿಲ್ಲ. ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರಿಗೂ ಒಂದೇ ಕಟ್ಟು. ಬದಲಿಗೆ ತೆಂಗಿನ ಗರಿಯ ಉದ್ದದ ಕಡ್ಡಿಯೊಂದಕ್ಕೆ ಗಟ್ಟಿ ದಾರ ಕಟ್ಟಿ, ತುದಿಗೆ ಬಟ್ಟೆಯ ಚೂರು ಬಿಗಿಯಿರಿ. ಅದನ್ನು ಬೆಕ್ಕಿನ ಮುಖಕ್ಕೆ ಹಿಡಿಯಬಾರದು. ಇಲಿ ಓಡುವ ಹಾಗೆ ನೆಲದಲ್ಲಿ ಎಳೆಯುತ್ತಾ, ಗೋಣಿಯ ಮರೆಗೆ ಸರಿಸುತ್ತಾ, ನಡುನಡುವೆ ಅದರ ಕೈಗೆ ಸಿಗಲು ಬಿಡಬೇಕು. ಬೆಕ್ಕು ಚುರುಕಾಗುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಆ ಎರಡು ಹೊತ್ತು ಹತ್ತು ಹತ್ತು ನಿಮಿಷ ಹೀಗೆ ಓಡಾಡಿಸಿ, ಒಡನೆಯೇ ಊಟ ಹಾಕಿದರೆ, ಬೇಟೆಯಾಡಿ ತಿಂದ ತೃಪ್ತಿಯಲ್ಲಿ ಮೈ ನೆಕ್ಕಿಕೊಂಡು ಮಲಗುತ್ತದೆ. ಆಟ ಮುಗಿದ ಮೇಲೆ ದಾರವನ್ನು ಎತ್ತಿಡುವುದು ಮರೆಯಬಾರದು. ನುಂಗಿದ ದಾರ ಕರುಳಿಗೆ ಸುತ್ತಿಕೊಂಡರೆ ಶಸ್ತ್ರಚಿಕಿತ್ಸೆಯೇ ಗತಿ.

ಎರಡನೆಯದು ಮುದ್ದಿನ ಮಧ್ಯೆ ಬರುವ ಕಚ್ಚು. ತೊಡೆಯ ಮೇಲೆ ಗುರುಗುಟ್ಟುತ್ತಾ ಮಲಗಿದ ಬೆಕ್ಕು ಇದ್ದಕ್ಕಿದ್ದ ಹಾಗೆ ತಿರುಗಿ ಕೈಯನ್ನು ಹಿಡಿಯುತ್ತದೆ. ಮನೆಯವರಿಗೆ ಇದೇ ದೊಡ್ಡ ಬೇಸರ. “ಉಪಕಾರ ಇಲ್ಲದ ಜಂತು” ಎಂದುಬಿಡುತ್ತಾರೆ. ನಿಜವಾಗಿ ಅದು ಇದ್ದಕ್ಕಿದ್ದ ಹಾಗೆ ಕಚ್ಚಿದ್ದಲ್ಲ, ನಾಲ್ಕು ಸಲ ಹೇಳಿ ಕಚ್ಚಿದ್ದು. ಬಾಲದ ತುದಿ ಪಟಪಟ ಬಡಿಯುತ್ತದೆ. ಬೆನ್ನಿನ ಚರ್ಮ ಅಲೆಯಂತೆ ನಡುಗುತ್ತದೆ. ಕಿವಿ ಹಿಂದಕ್ಕೆ ಹೊರಳುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಗುರುಗುಟ್ಟುವಿಕೆ ನಿಲ್ಲುತ್ತದೆ. ಒಂದೇ ಜಾಗವನ್ನು ಮತ್ತೆ ಮತ್ತೆ ಸವರಿದರೆ ಹಿತವಾಗಿದ್ದದ್ದೇ ಕಿರಿಕಿರಿಯಾಗುತ್ತದೆ ಎಂಬುದು ಮನುಷ್ಯರಿಗೂ ಗೊತ್ತಿರುವ ಮಾತೇ. ಆದ್ದರಿಂದ ಮೂರು ನಾಲ್ಕು ಸಲ ಸವರಿ ಕೈ ತೆಗೆಯಿರಿ. ಬೇಕಿದ್ದರೆ ಅದೇ ತಲೆ ಒತ್ತಿ ಕೇಳುತ್ತದೆ. ಕೆನ್ನೆ, ಗಲ್ಲದ ಕೆಳಗೆ, ಕಿವಿಯ ಬುಡ ಸಾಮಾನ್ಯವಾಗಿ ಒಪ್ಪಿಗೆಯ ಜಾಗಗಳು. ಹೊಟ್ಟೆ ತೋರಿಸಿ ಹೊರಳಿದರೂ ಹೊಟ್ಟೆ ಮುಟ್ಟಿರೆಂದು ಅರ್ಥವಲ್ಲ.

ಇನ್ನು ಹೆದರಿಕೆಯಿಂದ ಕಚ್ಚುವುದು. ಹೊಸ ಮನೆಯ ವಾಸನೆ, ಮಿಕ್ಸಿಯ ಸದ್ದು, ಅಂಗಳದ ನಾಯಿ, ನೋಡಲು ಬಂದ ನೆರೆಕರೆಯ ಮಕ್ಕಳ ಸಂತೆ, ಇವೆಲ್ಲ ಒಂದೇ ದಿನ ಮೇಲೆ ಬಿದ್ದರೆ ಯಾವ ಪ್ರಾಣಿಗಾದರೂ ತಲೆ ಕೆಡುತ್ತದೆ. ಮೊದಲ ಒಂದೆರಡು ವಾರ ಒಂದೇ ಕೋಣೆ ಸಾಕು. ಅಡಗಲು ಒಂದು ರಟ್ಟಿನ ಪೆಟ್ಟಿಗೆ, ಹಳೆಯ ಮನೆಯಿಂದ ತಂದ ಒಂದು ಹರಕು ಬಟ್ಟೆ, ನೀರು, ಊಟ, ದೂರದಲ್ಲಿ ಮರಳು ತುಂಬಿದ ತಟ್ಟೆ. ಅಡಗಿದ್ದನ್ನು ಎಳೆದು ತೆಗೆಯಬೇಡಿ. ಹತ್ತಿರದಲ್ಲಿ ಸುಮ್ಮನೆ ಕುಳಿತು ಪೇಪರು ಓದಿ. ಅದು ನೋಡಿದಾಗ ದಿಟ್ಟಿಸದೆ, ಕಣ್ಣನ್ನು ನಿಧಾನವಾಗಿ ಮುಚ್ಚಿ ತೆರೆಯಿರಿ. ಹೀಗೆ ಮಾಡಿದವರ ಬಳಿಗೆ ಬೆಕ್ಕು ಹೆಚ್ಚು ಸಲೀಸಾಗಿ ಬರುತ್ತದೆಂದು ಇಂಗ್ಲೆಂಡಿನ ಸಂಶೋಧಕರು 2020ರಲ್ಲಿ ಪರೀಕ್ಷಿಸಿ ಪ್ರಕಟಿಸಿದ್ದಾರೆ.

ಹೆಸರಿನ ವಿಷಯವಾಗಿ ಒಂದು ಮಾತು. ಬೆಕ್ಕು ತನ್ನ ಹೆಸರನ್ನು ಬೇರೆ ಶಬ್ದಗಳಿಂದ ಬೇರ್ಪಡಿಸಿ ಗುರುತಿಸುತ್ತದೆ ಎಂಬುದನ್ನು ಜಪಾನಿನ ಸಂಶೋಧಕರು 2019ರಲ್ಲಿ ತೋರಿಸಿದ್ದಾರೆ. ಮಲಯಾಳ ಮಾತಾಡುವ ಮನೆಯಿಂದ ಬಂದ ಬೆಕ್ಕಿಗೆ ಅಲ್ಲಿ ‘ಕುಞ್ಞಿ’ ಎಂಬ ಹೆಸರಿದ್ದರೆ ಅದನ್ನೇ ಇಟ್ಟುಕೊಳ್ಳಿ; ನಮ್ಮ ಅಭಿಮಾನಕ್ಕಾಗಿ ಅದನ್ನು ‘ಗೌರಿ’ ಮಾಡಬೇಕಾಗಿಲ್ಲ. ಮನೆಯ ಮಾತು ಕನ್ನಡವೋ ತುಳುವೋ ಆಗಿದ್ದರೂ ಮೆಲುದನಿಗೆ ಅದು ಬೇಗ ಹೊಂದಿಕೊಳ್ಳುತ್ತದೆ.

ಕಿಟಕಿಯಾಚೆ ಬೇರೆ ಗಂಡು ಬೆಕ್ಕನ್ನು ಕಂಡು ರೊಚ್ಚಿಗೆದ್ದ ಬೆಕ್ಕನ್ನು ಸಮಾಧಾನ ಮಾಡಲು ಹೋದವರ ಕೈಗೆ ಪೆಟ್ಟು ಬೀಳುವುದುಂಟು. ಆಗ ಎತ್ತಿಕೊಳ್ಳದೆ ಕೋಣೆ ಕತ್ತಲೆ ಮಾಡಿ ಬಿಟ್ಟುಬಿಡಬೇಕು. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರದಿದ್ದರೆ ಮಾಡಿಸುವುದು ಒಳ್ಳೆಯದು. ಸಾಧುವಾಗಿದ್ದ ಬೆಕ್ಕು ಹಠಾತ್ತನೆ ಮುಟ್ಟಗೊಡದಂತಾದರೆ ಹಲ್ಲುನೋವು, ಸಂದುನೋವು, ಒಳಗೆ ಕೀವಾದ ಗಾಯ ಇರಬಹುದು, ಮೃಗಾಸ್ಪತ್ರೆಗೆ ಒಯ್ಯಿರಿ. ನೋವಿಗೆಂದು ಮನೆಯಲ್ಲಿರುವ ಪ್ಯಾರಸಿಟಮಾಲ್ ಕೊಡಲೇಬಾರದು. ಒಂದು ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ಕಚ್ಚಿ ಹಿಡಿದಾಗ ಕೈ ಜಗ್ಗಿದರೆ ಬೇಟೆ ಓಡುತ್ತಿದೆ ಎಂದು ಇನ್ನೂ ಬಿಗಿಯಾಗಿ ಹಿಡಿಯುತ್ತದೆ, ಚರ್ಮವೂ ಸೀಳುತ್ತದೆ. ಅಲ್ಲಾಡಿಸದೆ ನಿಂತರೆ ಬಿಡುತ್ತದೆ. ಬಿಟ್ಟ ಮೇಲೆ ಮಾತಿಲ್ಲದೆ ಎದ್ದು ಹೋಗಿ. ಆಟವೂ ಇಲ್ಲ, ಗಮನವೂ ಇಲ್ಲ. ಹಿಡಿಸೂಡಿಯಲ್ಲಿ ಬಡಿಯುವುದು, ನೀರೆರಚುವುದು, ಮೂಗಿಗೆ ಹೊಡೆಯುವುದು ನಮ್ಮಲ್ಲಿ ರೂಢಿಯಾಗಿದ್ದರೂ ಅದರಿಂದ ಬೆಕ್ಕು ಕಲಿಯುವುದು ಒಂದೇ, ಈ ಮನುಷ್ಯನಿಗೆ ಹೆದರಬೇಕೆಂದು. ಹೆದರಿದ್ದು ಮತ್ತೂ ಕಚ್ಚುತ್ತದೆ.

ಗಾಯವನ್ನು ಹಗುರವಾಗಿ ಎಣಿಸಬಾರದು. ಬೆಕ್ಕಿನ ಕೋರೆಹಲ್ಲು ಸೂಜಿಯಂತೆ ಆಳಕ್ಕೆ ಇಳಿಯುತ್ತದೆ. ಮೇಲೆ ಸಣ್ಣ ಚುಕ್ಕೆ, ಒಳಗೆ ರೋಗಾಣು. ಒಂದು ದಿನದೊಳಗೆ ಕೈ ಕೆಂಪಾಗಿ ಬಾತುಕೊಳ್ಳಬಹುದು, ಸಿಹಿಮೂತ್ರದವರಿಗೆ ಅಪಾಯ ಹೆಚ್ಚು. ಬೆಕ್ಕಿನಿಂದಲೂ ಹುಚ್ಚುರೋಗ, ಅಂದರೆ ರೇಬೀಸ್, ಬರುತ್ತದೆ. ಕಚ್ಚಿದ ಕೂಡಲೇ ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆಯಬೇಕು. ಸುಣ್ಣ, ಅರಸಿನ, ಕಾಫಿಪುಡಿ ಯಾವುದೂ ಬೇಡ, ಬಟ್ಟೆ ಬಿಗಿಯುವುದೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಚರ್ಮದೊಳಗೆ ಕೊಡುವ ಚುಚ್ಚುಮದ್ದಾದರೆ ಮೊದಲ ದಿನವನ್ನು 0 ಎಂದು ಎಣಿಸಿ 0, 3, 7 ಮತ್ತು 28ನೆಯ ದಿನ. ರಕ್ತ ಬಂದ ಗಾಯಕ್ಕೆ ಇಮ್ಯುನೋಗ್ಲೋಬ್ಯುಲಿನ್ ಎಂಬ ಔಷಧವೂ ಬೇಕಾಗುತ್ತದೆ. ಬೆಕ್ಕು ಹತ್ತು ದಿನ ಬದುಕುತ್ತದೋ ನೋಡೋಣವೆಂದು ಮದ್ದನ್ನು ತಡಮಾಡಬಾರದು. ಆಸ್ಪತ್ರೆಯ ಚೀಟಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದರೆ, ಮುಂದಿನ ತಾರೀಕುಗಳನ್ನು ಅಲ್ಲೇ ಕೇಳಿ ತಿಳಿದು, ಮನೆಯ ಕ್ಯಾಲೆಂಡರಿನಲ್ಲಿ ಕನ್ನಡದಲ್ಲಿ ಗುರುತು ಹಾಕಿ. ಕನ್ನಡ ಮಾತ್ರ ಓದಬಲ್ಲ ಅಜ್ಜಿಯರಿಗೆ 28ನೆಯ ದಿನದ ಮದ್ದು ತಪ್ಪಿಹೋಗುವುದು ಹೀಗೆಯೇ. ಪೂರ್ವವೃತ್ತಾಂತ ತಿಳಿಯದ ಬೆಕ್ಕಿಗೂ ಬಂದ ಹೊಸತರಲ್ಲಿಯೇ ರೇಬೀಸ್ ಲಸಿಕೆ ಹಾಕಿಸಿ, ಆಮೇಲೆ ವೈದ್ಯರು ಹೇಳಿದ ಅವಧಿಗೆ ಮರುಲಸಿಕೆ ಹಾಕಿಸಬೇಕು.

ಹಳೆಯ ಅಭ್ಯಾಸ ಬಿಡಲು ಕೆಲವು ಬೆಕ್ಕುಗಳಿಗೆ ವಾರಗಳು, ಕೆಲವಕ್ಕೆ ತಿಂಗಳುಗಳು ಬೇಕು. ಮತ್ತೆ ಕೆಲವು ಎಂದೂ ತೊಡೆಗೆ ಬರುವುದಿಲ್ಲ. ಮೂರು ಮಾರು ದೂರದಲ್ಲಿ ಕುಳಿತು ನಿಮ್ಮನ್ನು ನೋಡುತ್ತಿರುತ್ತವೆ, ರಾತ್ರಿ ಅಟ್ಟದಲ್ಲಿ ಇಲಿಯ ಗಲಾಟೆ ಕೇಳಿದರೆ ಮಾತ್ರ ಎದ್ದು ಹೋಗುತ್ತವೆ. ಅಂಥದ್ದನ್ನು ಮಕ್ಕಳು ಎತ್ತಿಕೊಳ್ಳದಂತೆ ನೋಡಿಕೊಂಡರಾಯಿತು.