ರಿಪೋರ್ಟ್ ನಾರ್ಮಲ್, ಕಿವಿಯಲ್ಲಿ ಗುಂಯ್

“ಕಿವಿ ಚೆನ್ನಾಗಿಯೇ ಕೇಳಿಸುತ್ತಿದೆ, ಏನೂ ತೊಂದರೆಯಿಲ್ಲ” ಎನ್ನಿಸಿಕೊಂಡು ಮನೆಗೆ ಬರುತ್ತಾರೆ. ರಾತ್ರಿ ದೀಪ ಆರಿಸಿದ್ದೇ ತಡ, ಮತ್ತದೇ ಗುಂಯ್. ಕಿವಿಮೊರೆತ, ಅಂದರೆ ಟಿನ್ನಿಟಸ್ ಇರುವ ಎಷ್ಟೋ ಜನರ ಪಾಡು ಇದು. ಹೊರಗೆ ಸದ್ದೇ ಇಲ್ಲದಿದ್ದರೂ ಅವರಿಗೆ ಕೇಳಿಸುತ್ತಿರುವುದು ಭ್ರಮೆಯಲ್ಲ.

ಶ್ರವಣ ಪರೀಕ್ಷೆಯಲ್ಲಿ ಹೆಡ್‌ಫೋನ್ ಹಾಕಿ, ಸಣ್ಣ ಬೀಪ್ ಕೇಳಿದಾಗಲೆಲ್ಲ ಗುಂಡಿ ಒತ್ತಿಸುತ್ತಾರೆ. ಸಾಮಾನ್ಯವಾಗಿ ಅಳೆಯುವುದು 250ರಿಂದ 8000 ಹರ್ಟ್ಸ್‌ವರೆಗಿನ ಸದ್ದುಗಳನ್ನು ಮಾತ್ರ. ಈ ಪರೀಕ್ಷೆಗೆ ಸಿಗದ ಹಾನಿಯೂ ಇದೆ. 2009ರಲ್ಲಿ ಸಂಶೋಧಕರಾದ ಶರೋನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ ಇಲಿಗಳಿಗೆ ಜೋರು ಸದ್ದು ಕೇಳಿಸಿ ನೋಡಿದರು. ಎರಡು ವಾರದೊಳಗೆ ಇಲಿಗಳ ಶ್ರವಣಮಟ್ಟ ಮೊದಲಿನಂತಾಯಿತು. ಆದರೆ ಒಳಕಿವಿಯ ರೋಮಕೋಶಗಳಿಗೂ ನರಕ್ಕೂ ನಡುವಿನ ಬೆಸುಗೆಗಳು ದೊಡ್ಡ ಸಂಖ್ಯೆಯಲ್ಲಿ ಕಳಚಿಹೋಗಿದ್ದವು.

ಮನುಷ್ಯರಲ್ಲಿ? 2011ರಲ್ಲಿ ಲಂಡನ್ನಿನ ಸಂಶೋಧಕರಾದ ರೋಲಾಂಡ್ ಶೆಟ್ಟೆ ಮತ್ತು ಡೇವಿಡ್ ಮೆಕಾಲ್ಪೈನ್, ಶ್ರವಣ ನಾರ್ಮಲ್ ಇದ್ದೂ ಮೊರೆತ ಕೇಳುವ ಮಹಿಳೆಯರನ್ನು ಪರೀಕ್ಷಿಸಿದರು. ಅವರ ಶ್ರವಣನರದಿಂದ ಹೊರಟ ಸಂಕೇತ ಸಣ್ಣದಾಗಿತ್ತು. ಮಿದುಳುಕಾಂಡದಲ್ಲಿ ಮೇಲೇರುವಷ್ಟರಲ್ಲಿ ಅದು ಸಹಜ ಗಾತ್ರಕ್ಕೆ ಬಂದಿತ್ತು. ಕಡಿಮೆ ಬಂದದ್ದನ್ನು ಮಿದುಳು ತಾನೇ ಹಿಗ್ಗಿಸಿಕೊಳ್ಳುತ್ತದೆ, ಆ ಭರದಲ್ಲಿ ನರಗಳ ಸಹಜ ಮಿಡಿತವೂ ಸದ್ದಾಗಿಬಿಡುತ್ತದೆ ಎಂಬುದು ಅವರ ವಿವರಣೆ. ಶೆಟ್ಟೆ ಮತ್ತೊಂದು ಪ್ರಯೋಗದಲ್ಲಿ ಆರೋಗ್ಯವಂತರ ಒಂದು ಕಿವಿಗೆ ವಾರದ ಮಟ್ಟಿಗೆ ಬಿರಡೆ ಹಾಕಿಸಿದರು. ಹೆಚ್ಚಿನವರಿಗೆ ಇಲ್ಲದ ಸದ್ದು ಕೇಳತೊಡಗಿತು, ಬಿರಡೆ ತೆಗೆದ ಮೇಲೆ ಅದು ಅಡಗಿತು.

ಹಿಯರಿಂಗ್ ಏಡ್‌ನ ಯೋಚನೆ ಹುಟ್ಟುವುದು ಇಲ್ಲಿಯೇ. ಕಿವಿಯನ್ನು ಮುಚ್ಚದಂಥ ಸಾಧನ ಹಾಕಿ, ಎಲೆಯ ಸರಸರ, ಫ್ಯಾನಿನ ಸದ್ದಿನಂಥ ಮೆಲುದನಿಗಳನ್ನು ಚೂರೇ ಚೂರು ಏರಿಸಿದರೆ ಮಿದುಳಿಗೆ ಬೇಕಾದ್ದು ಹೊರಗಿನಿಂದಲೇ ಸಿಗಬಹುದು. ಮೊರೆತ ನಿಲ್ಲದಿದ್ದರೂ ಹಿಂದೆ ಸರಿಯಬಹುದು.

ತರ್ಕ ಚೆಂದವಿದೆ, ಪುರಾವೆ ಸಾಲದು. ಚಿಕಿತ್ಸೆಗಳಿಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2020ರಲ್ಲಿ, ಶ್ರವಣದೋಷವಿಲ್ಲದವರಿಗೆ ಮೊರೆತಕ್ಕೆಂದು ಈ ಸಾಧನ ಕೊಡಬೇಡಿ ಎಂದೇ ಹೇಳಿದೆ. ಹಾಗಾಗಿ ದುಡ್ಡು ಸುರಿದು ಕೊಳ್ಳುವ ಮಾತು ಸದ್ಯಕ್ಕೆ ಬೇಡ. ಶ್ರವಣತಜ್ಞರು ಒಪ್ಪಿ, ಕೆಲವು ವಾರ ಪ್ರಯೋಗಕ್ಕೆ ಕೊಟ್ಟರೆ ಹಾಕಿ ನೋಡುವುದರಲ್ಲಿ ತಪ್ಪಿಲ್ಲ, ಧ್ವನಿಮಟ್ಟಕ್ಕೆ ಮಿತಿ ಹಾಕಿಸಿಕೊಂಡು. ಮೊರೆತದ ಕಾಟ ತಗ್ಗಿಸಲು ಹೆಚ್ಚು ಗಟ್ಟಿ ಆಧಾರವಿರುವುದು ಅರಿವು-ವರ್ತನೆಯ ಚಿಕಿತ್ಸೆ, ಅಂದರೆ ಸಿಬಿಟಿಗೆ. ಅದನ್ನು ಕೇಳಿ ಪಡೆಯಿರಿ. ಸದ್ದು ಒಂದೇ ಕಿವಿಯಲ್ಲಿದ್ದರೆ, ಇಲ್ಲವೇ ನಾಡಿಯ ಲಯಕ್ಕೆ ಮಿಡಿಯುತ್ತಿದ್ದರೆ ಇವೆಲ್ಲಕ್ಕೂ ಮೊದಲು ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಬೇಕು.