‘ಬ್ಲೇಡ್ ರನ್ನರ್’ ಚಲಚ್ಚಿತ್ರವೂ ಅದರ ಪ್ರೇಕ್ಷಕರೂ: ಒಂದು ರಸವಿಘ್ನವಿಚಾರ

ನಾಟ್ಯಶಾಸ್ತ್ರದ ರಸಸೂತ್ರಕ್ಕೆ ವ್ಯಾಖ್ಯಾನವನ್ನು ಬರೆಯುತ್ತ ಅಭಿನವಗುಪ್ತನು ರಸಪ್ರತೀತಿಗೆ ಅಡ್ಡಬರುವ ಏಳು ವಿಘ್ನಗಳನ್ನು ಎಣಿಸಿದ್ದಾನೆ. ಸಂಭಾವನಾವಿರಹ, ಎಂದರೆ ಕಂಡದ್ದು ನಡೆಯಬಹುದಾದದ್ದೆಂಬ ನಂಬಿಕೆ ಹುಟ್ಟದಿರುವುದು, ಮೊದಲನೆಯದು, ಸಂಶಯಯೋಗವು ಕಡೆಯದು, ನಡುವೆ ಸ್ಫುಟತ್ವಾಭಾವ, ಅಪ್ರಧಾನತೆ ಮೊದಲಾದುವು ಬರುತ್ತವೆ. ಅಲಂಕಾರಶಾಸ್ತ್ರವನ್ನು ಪಾಠ ಹೇಳುವ ನಾವು ಈ ಹೆಸರುಗಳನ್ನು ವಿದ್ಯಾರ್ಥಿಗಳ ಬಾಯಿಗೆ ಬರಿಸಿ ಮುಂದೆ ಸಾಗುವುದೇ ವಾಡಿಕೆ. ನಿಜವಾದ ಪ್ರೇಕ್ಷಕನು ನಿಜವಾದ ಪ್ರಯೋಗವೊಂದರಲ್ಲಿ ಎಲ್ಲಿ ಎಡವಿದನು, ಏನೆಂದು ದೂರಿದನು, ಆ ದೂರನ್ನು ಕೇಳಿ ಪ್ರಯೋಗವನ್ನು ನಡೆಯಿಸಿದವರು ಏನನ್ನು ತಿದ್ದಿದರು ಎಂಬುದಕ್ಕೆ ಹಳೆಯ ರೂಪಕಗಳ ವಿಷಯದಲ್ಲಿ ನಮಗೆ ಸಾಕ್ಷ್ಯವು ದೊರೆಯದು. ಚಲಚ್ಚಿತ್ರದಲ್ಲಿ ಒಮ್ಮೊಮ್ಮೆ ದೊರೆಯುತ್ತದೆ. 1982ನೆಯ ಇಸವಿ ಜೂನ್ 25ರಂದು ಅಮೆರಿಕದಲ್ಲಿ ಬಿಡುಗಡೆಯಾದ ‘ಬ್ಲೇಡ್ ರನ್ನರ್’ ಎಂಬ ಚಿತ್ರವು ಅಂಥದೊಂದು ನಿದರ್ಶನ. ಅದಕ್ಕೆ ಪಾಠಾಂತರಗಳುಂಟು, ಆ ಪಾಠಾಂತರಗಳಲ್ಲಿ ಮುಖ್ಯವಾದುವು ಹುಟ್ಟಿದ್ದೇ ಪ್ರೇಕ್ಷಕರ ಪ್ರತಿಕ್ರಿಯೆಯಿಂದ.

ಚಿತ್ರದ ವಸ್ತುವನ್ನು ಸಂಕ್ಷೇಪವಾಗಿ ಹೇಳಬಹುದು. ಫಿಲಿಪ್ ಕೆ. ಡಿಕ್ ಅವರು 1968ರಲ್ಲಿ ಪ್ರಕಟಿಸಿದ ಕಾದಂಬರಿಯೊಂದು ಇದಕ್ಕೆ ಮೂಲ; ನಿರ್ದೇಶಕರು ರಿಡ್ಲಿ ಸ್ಕಾಟ್. ಡಿಕ್ ಅವರು ಚಿತ್ರವು ತೆರೆಗೆ ಬರುವ ಕೆಲವು ತಿಂಗಳು ಮೊದಲು, ಅದೇ ವರ್ಷದ ಮಾರ್ಚಿಯಲ್ಲಿ, ತೀರಿಕೊಂಡರು. ಕಥೆ ನಡೆಯುವುದು 2019ನೆಯ ಇಸವಿಯ ನವೆಂಬರಿನಲ್ಲಿ, ಲಾಸ್ ಏಂಜಲಿಸ್ ನಗರದಲ್ಲಿ. ಎಲ್ಲೆಲ್ಲೂ ಇರುಳು, ಹೊಗೆ, ಬಿಡದ ಮಳೆ. ಪರಲೋಕಗಳ ವಸಾಹತುಗಳಲ್ಲಿ ದುಡಿಯುವುದಕ್ಕಾಗಿ ಟೈರೆಲ್ ಎಂಬವನ ಕಾರ್ಖಾನೆಯು ಕೃತಕಮಾನವರನ್ನು ನಿರ್ಮಿಸಿದೆ. ಅವರಿಗೆ ರೆಪ್ಲಿಕಂಟರೆಂದು ಹೆಸರು. ನಾಲ್ಕು ವರ್ಷ ಆಯುಸ್ಸು. ಅವರಲ್ಲಿ ಕೆಲವರು ತಪ್ಪಿಸಿಕೊಂಡು ಭೂಮಿಗೆ ಬಂದಿದ್ದಾರೆ. ಅವರನ್ನು ಹುಡುಕಿ ಕೊಲ್ಲುವ ಕೆಲಸ ಡೆಕರ್ಡ್ ಎಂಬ ಹಳೆಯ ಪೊಲೀಸಿನವನ ಪಾಲಿಗೆ ಬರುತ್ತದೆ. ಈ ಕೊಲೆಗೆ ಆ ಲೋಕದ ಅಧಿಕಾರಭಾಷೆಯಲ್ಲಿ ‘ನಿವೃತ್ತಿಗೊಳಿಸುವುದು’ ಎಂದು ಹೆಸರು. ಕೃತಕಮಾನವರ ನಾಯಕನಾದ ಬ್ಯಾಟಿಯು ತನ್ನನ್ನು ಸೃಜಿಸಿದವನಲ್ಲಿಗೆ ಹೋಗಿ ಇನ್ನಷ್ಟು ಆಯುಸ್ಸನ್ನು ಬೇಡುತ್ತಾನೆ. ಅದು ಆಗದೆಂದು ತಿಳಿದಾಗ ಅವನನ್ನು ಕೊಲ್ಲುತ್ತಾನೆ. ಕೊನೆಯಲ್ಲಿ ಮಾಳಿಗೆಯಂಚಿನಿಂದ ಜಾರಿ ಬೀಳಲಿದ್ದ ಡೆಕರ್ಡನನ್ನು, ತನ್ನನ್ನು ಕೊಲ್ಲಲು ಬಂದವನನ್ನು, ತಾನೇ ಕೈಹಿಡಿದು ಮೇಲಕ್ಕೆಳೆದುಕೊಂಡು, ತಾನು ಕಂಡುದನ್ನು ಕೆಲವೇ ಮಾತುಗಳಲ್ಲಿ ಹೇಳಿ ಮಳೆಯಲ್ಲಿ ಕುಳಿತಂತೆಯೇ ಪ್ರಾಣಬಿಡುತ್ತಾನೆ. ಡೆಕರ್ಡನು ರೇಚಲ್ ಎಂಬ ಕೃತಕಸ್ತ್ರೀಯೊಡನೆ ಮನೆಯನ್ನು ಬಿಟ್ಟು ಹೊರಡುತ್ತಾನೆ.

ದೊಡ್ಡ ಹಣವನ್ನು ಹೂಡಿದ ಚಿತ್ರಗಳನ್ನು ಬಿಡುಗಡೆಗೆ ಮುನ್ನ ಸಾಮಾನ್ಯಜನರಿಗೆ ತೋರಿಸಿ, ಅವರ ಅಭಿಪ್ರಾಯವನ್ನು ಚೀಟಿಗಳಲ್ಲಿ ಬರೆಯಿಸಿಕೊಳ್ಳುವುದು ಅಮೆರಿಕದ ಚಿತ್ರೋದ್ಯಮದ ಪದ್ಧತಿ. ಈ ಚಿತ್ರವನ್ನು 1982ರ ಮಾರ್ಚಿಯಲ್ಲಿ ಡೆನ್ವರ್ ಮತ್ತು ಡಲ್ಲಾಸ್ ನಗರಗಳಲ್ಲಿ ಹೀಗೆ ತೋರಿಸಿದರು. ಬಂದ ಉತ್ತರಗಳು ನಿರ್ಮಾಪಕರನ್ನು ಗಾಬರಿಗೊಳಿಸಿದುವು. ಕಥೆ ತಿಳಿಯಲಿಲ್ಲ, ಚಿತ್ರವು ಬಹಳ ಮಂಕಾಗಿದೆ, ಮುಗಿದುದು ಮುಗಿದಂತೆ ತೋರಲಿಲ್ಲ ಎಂಬಿವೇ ದೂರುಗಳ ಸಾರ. ಇದಕ್ಕೆ ಎರಡು ಚಿಕಿತ್ಸೆಗಳಾದುವು. ಮೊದಲನೆಯದಾಗಿ, ಡೆಕರ್ಡನ ಪಾತ್ರಧಾರಿಯಾದ ಹ್ಯಾರಿಸನ್ ಫೋರ್ಡ್ ಅವರ ಧ್ವನಿಯಲ್ಲಿ ಕಥೆಯುದ್ದಕ್ಕೂ ಅಲ್ಲಲ್ಲಿ ನಿರೂಪಣೆಯನ್ನು ಸೇರಿಸಿದರು. ಇಂಥ ನಿರೂಪಣೆಯ ಯೋಚನೆ ಚಿತ್ರಕಥೆಯ ಹಿಂದಿನ ಕರಡುಗಳಲ್ಲಿಯೂ ಇತ್ತೆಂಬುದನ್ನು ಮರೆಯಬಾರದು. ಆದರೆ ಈಗ ಅದು ಬಂದದ್ದು ಅನುಪಾನವಿಲ್ಲದ ಔಷಧದಂತೆ. ಎರಡನೆಯದಾಗಿ, ಡೆಕರ್ಡನೂ ರೇಚಲಳೂ ಬಿಸಿಲಿನಲ್ಲಿ ಹಸುರು ಬೆಟ್ಟಗಳ ನಡುವೆ ವಾಹನದಲ್ಲಿ ಸಾಗುವ ಸುಖಾಂತವೊಂದನ್ನು ಅಂಟಿಸಿದರು. ಬೆಟ್ಟಗಳ ದೃಶ್ಯವು ಸ್ಟ್ಯಾನ್ಲಿ ಕುಬ್ರಿಕ್ ಅವರ ‘ದ ಷೈನಿಂಗ್’ (1980) ಚಿತ್ರಕ್ಕಾಗಿ ತೆಗೆದು ಮಿಕ್ಕಿದ್ದ ಸುರುಳಿಗಳಿಂದ ಬಂದಿತು. ಲಿಪಿಕಾರನೊಬ್ಬನು ಬೇರೊಂದು ಕಾವ್ಯದ ಪದ್ಯವನ್ನು ತಂದು ಪ್ರಕ್ಷೇಪಿಸಿದ ಸಂದರ್ಭಗಳು ಗ್ರಂಥಸಂಪಾದಕರಿಗೆ ಹೊಸವಲ್ಲ. ಪ್ರಕ್ಷೇಪದ ಮೂಲವು ಇಷ್ಟು ಸ್ಪಷ್ಟವಾಗಿ ಗೊತ್ತಿರುವುದು ಅಪೂರ್ವ.

ತಿದ್ದಿದ ಚಿತ್ರವಾದರೂ ಗೆಲ್ಲಲಿಲ್ಲ. ಸುಮಾರು 2 ಕೋಟಿ 80 ಲಕ್ಷ ಡಾಲರ್ ವೆಚ್ಚದ ಈ ಚಿತ್ರವು ಮೊದಲ ವಾರಾಂತ್ಯದಲ್ಲಿ ಗಳಿಸಿದ್ದು ಸುಮಾರು 61 ಲಕ್ಷ. ಎರಡು ವಾರಗಳ ಹಿಂದೆಯಷ್ಟೆ, ಜೂನ್ 11ರಂದು, ಪರಗ್ರಹದ ಸಾಧುಜೀವಿಯೊಂದರ ಕಥೆಯಾದ ‘ಇ.ಟಿ.’ ತೆರೆಗೆ ಬಂದು ಜನಮನವನ್ನು ಸೂರೆಗೊಂಡಿತ್ತು. ಪರಗ್ರಹದ ಜೀವಿಯನ್ನು ಘೋರವಾಗಿ ತೋರಿಸಿದ ಜಾನ್ ಕಾರ್ಪೆಂಟರ್ ಅವರ ‘ದ ಥಿಂಗ್’ ಬಿಡುಗಡೆಯಾದದ್ದು ‘ಬ್ಲೇಡ್ ರನ್ನರ್’ ಬಂದ ದಿನವೇ. ಅದಕ್ಕೂ ಅದೇ ಗತಿಯಾಯಿತು. ವಿಮರ್ಶಕರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯ ಪಾಲಿನ್ ಕೇಲ್ ಅವರು ದೃಶ್ಯವೈಭವವನ್ನು ಒಪ್ಪಿಯೂ ಮನುಷ್ಯಸ್ವಭಾವದ ಕಡೆಯಿಂದ ಚಿತ್ರವು ಟೊಳ್ಳೆಂಬ ಅರ್ಥದ ಮಾತನ್ನಾಡಿದರು. ರಾಜರ್ ಈಬರ್ಟ್ ಅವರೂ ನೋಟವನ್ನು ಮೆಚ್ಚಿ ಕಥೆಯನ್ನು ತೆಳುವೆಂದರು. ಈಬರ್ಟ್ ಅವರು 2007ರಲ್ಲಿ ಇದನ್ನೇ ತಮ್ಮ ಮಹಾಚಿತ್ರಗಳ ಸಾಲಿಗೆ ಸೇರಿಸಿದರು.

ಈಗ ವಿಚಾರಿಸಬೇಕಾದ ವಿಷಯವಿದು: ಆ ಪ್ರೇಕ್ಷಕರಿಗೆ ಒದಗಿದ ವಿಘ್ನ ಯಾವುದು? ಸಂಭಾವನಾವಿರಹವಂತೂ ಅಲ್ಲ. ಅಲೌಕಿಕವಾದ ಕಾರ್ಯಗಳನ್ನು ತೋರಿಸುವಾಗ ರಾಮಾದಿಗಳಂಥ ಪ್ರಖ್ಯಾತನಾಯಕರನ್ನು ತರಬೇಕು, ಪ್ರಸಿದ್ಧಿಯೇ ನಂಬಿಕೆಯನ್ನು ಹುಟ್ಟಿಸುತ್ತದೆ ಎಂಬುದು ಅಭಿನವಗುಪ್ತನ ಮತ. ಭವಿಷ್ಯತ್ತಿನ ಕಥೆಗೆ ಈ ಸೌಲಭ್ಯವಿಲ್ಲ. ಇನ್ನೂ ಹುಟ್ಟದ ಕಾಲದಲ್ಲಿ ಪ್ರಖ್ಯಾತರಾರು? ಆ ಸ್ಥಾನವನ್ನು ಈ ಚಿತ್ರದಲ್ಲಿ ಹಳೆಯ ವಸ್ತುಗಳು ತುಂಬಿವೆ. ಕೊಡೆ ಹಿಡಿದ ಜನಸಂದಣಿ, ಬೀದಿಬದಿಯ ತಿಂಡಿಯಂಗಡಿ, ಸೋರುವ ಮನೆ. ಪಾತ್ರವೊಂದರ ವಾಸಕ್ಕಾಗಿ ತೋರಿಸಿರುವುದು 1893ರಲ್ಲಿ ಕಟ್ಟಿದ, ಈಗಲೂ ಲಾಸ್ ಏಂಜಲಿಸ್‌ನಲ್ಲಿ ನಿಂತಿರುವ ಬ್ರಾಡ್‌ಬರಿ ಸೌಧ. ಭವಿಷ್ಯತ್ತು ಹೊಸದಾಗಿ ತೊಳೆದಿಟ್ಟಂತಿಲ್ಲದೆ ಬಳಸಿ ಸವೆದಂತಿದೆ. ಆದುದರಿಂದಲೇ ನೋಡುವವರು ಅದನ್ನು ನಂಬಿದರು. 2019 ಬಂದು ಕಳೆದುಹೋಯಿತು, ಆ ನಗರ ಹಾಗಾಗಲಿಲ್ಲ. ಚಿತ್ರದ ಬಲವು ಅದರಿಂದ ಎಳ್ಳಷ್ಟೂ ಕುಂದಿಲ್ಲ. ಸಂಭಾವನೆಯು ಬೇರೆ, ಜ್ಯೋತಿಷ್ಯವು ಬೇರೆ.

ನಿರ್ಮಾಪಕರು ಗುರುತಿಸಿದ ವಿಘ್ನವು ಸ್ಫುಟತ್ವಾಭಾವ. ‘ತಿಳಿಯಲಿಲ್ಲ’ ಎಂದವರಿಗೆ ತಿಳಿಯಹೇಳಿದರೆ ಸರಿಹೋಗುತ್ತದೆಂದು ಅವರು ಎಣಿಸಿದರು. ಆದರೆ ಈ ವಿಘ್ನಕ್ಕೆ ಆಚಾರ್ಯನು ಹೇಳಿರುವ ಪರಿಹಾರವು ಶಬ್ದವಲ್ಲ, ಅಭಿನಯ. ಆಪ್ತವಾಕ್ಯದಿಂದಲೂ ಅನುಮಾನದಿಂದಲೂ ತಿಳಿದ ಅರ್ಥದಲ್ಲಿ ಮನಸ್ಸು ನೆಲೆನಿಲ್ಲುವುದಿಲ್ಲ. ಪ್ರತ್ಯಕ್ಷಕ್ಕೆ ಸಮಾನವಾದ ಪ್ರತೀತಿಯೇ ಬೇಕು ಎಂಬುದು ಅವನ ನಿಲುವು. ಕಣ್ಣಿಗೆ ಕಾಣುತ್ತಿರುವುದನ್ನೇ ಕಿವಿಯಲ್ಲಿ ಹೇಳತೊಡಗಿದರೆ ಪ್ರತ್ಯಕ್ಷವು ಮತ್ತೆ ವಾರ್ತೆಯಾಗುತ್ತದೆ. ಬ್ಯಾಟಿಯ ಮರಣದ ಸನ್ನಿವೇಶದಲ್ಲಿ ಇದು ಎದ್ದು ಕಾಣುತ್ತದೆ. ಅವನು ತಲೆಬಾಗಿಸಿದ್ದಾನೆ, ಅವನ ಕೈಯಲ್ಲಿದ್ದ ಪಾರಿವಾಳವು ಹಾರಿಹೋಗಿದೆ, ಎದುರಿಗೆ ಡೆಕರ್ಡನು ಮಳೆಯಲ್ಲಿ ತೊಯ್ದು ಕಣ್ಣು ಮುಚ್ಚಿ ತೆರೆಯುತ್ತಿದ್ದಾನೆ. ವಿಭಾವಾನುಭಾವಗಳು ಇಷ್ಟು ಸಮರ್ಥವಾಗಿರುವಲ್ಲಿ, ಇವನು ನನ್ನನ್ನೇಕೆ ಉಳಿಸಿದನೋ, ಬಹುಶಃ ಕಡೆಯ ಗಳಿಗೆಯಲ್ಲಿ ಇವನಿಗೆ ಜೀವವೆಂಬುದು ಎಂದಿಗಿಂತ ಪ್ರಿಯವಾಗಿ ಕಂಡಿತೋ ಎಂಬರ್ಥದ ನಿರೂಪಣೆ ಕೇಳಿಬರುತ್ತದೆ. ವ್ಯಂಗ್ಯವಾಗಿ ಮೂಡುತ್ತಿದ್ದುದು ವಾಚ್ಯವಾಯಿತು. ರಸವನ್ನೂ ಭಾವವನ್ನೂ ಅವುಗಳ ಹೆಸರಿನಿಂದಲೇ ಹೇಳಿಬಿಡುವುದನ್ನು ಮಮ್ಮಟನು ರಸದೋಷಗಳಲ್ಲಿ ಮೊದಲು ಎಣಿಸಿರುವುದೇಕೆಂದು ಕೇಳುವ ವಿದ್ಯಾರ್ಥಿಗೆ ಈ ಸನ್ನಿವೇಶವನ್ನು ಎರಡು ಪಾಠಗಳಲ್ಲಿಯೂ ತೋರಿಸಿದರೆ ಬೇರೆ ವ್ಯಾಖ್ಯಾನವೇ ಬೇಡ.

ನನ್ನ ಎಣಿಕೆಯಲ್ಲಿ ನಿಜವಾದ ವಿಘ್ನವು ಅಪ್ರಧಾನತೆ. ಪ್ರೇಕ್ಷಕರಿಗೆ ತಿಳಿಯದಿದ್ದುದು ಕಥೆಯಲ್ಲ, ಪ್ರಧಾನವಾದ ಭಾವ ಯಾವುದೆಂಬುದು. ಅವರು ಬಂದದ್ದು ‘ಸ್ಟಾರ್ ವಾರ್ಸ್’ (1977) ಮತ್ತು ‘ರೇಡರ್ಸ್ ಆಫ್ ದ ಲಾಸ್ಟ್ ಆರ್ಕ್’ (1981) ಚಿತ್ರಗಳ ವೀರನನ್ನು ನೋಡುವುದಕ್ಕೆ. ಇಲ್ಲಿ ಅದೇ ನಟನು ಓಡಿಹೋಗುತ್ತಿರುವ ಹೆಂಗಸಿನ ಬೆನ್ನಿಗೆ ಗುಂಡು ಹೊಡೆಯುತ್ತಾನೆ, ಎದುರಾಳಿಗಳಿಂದ ಪದೇಪದೇ ಏಟು ತಿನ್ನುತ್ತಾನೆ, ಕಡೆಗೆ ಶತ್ರುವಿನ ಕರುಣೆಯಿಂದ ಬದುಕುತ್ತಾನೆ. ಉತ್ಸಾಹವನ್ನು ಹುಡುಕಿ ಬಂದವರಿಗೆ ದೊರೆತುದು ಶೋಕ. ಅದೂ ಪ್ರತಿನಾಯಕನ ಸ್ಥಾನದಲ್ಲಿ ನಿಂತವನ ಶೋಕ. ಸಂಭಾವನೆಗೆ ಸಹಾಯಕವೆಂದು ಶಾಸ್ತ್ರವು ನಂಬಿದ ಪ್ರಸಿದ್ಧಿಯೇ, ನಟನ ಪ್ರಸಿದ್ಧಿಯ ರೂಪದಲ್ಲಿ, ಇಲ್ಲಿ ಅಡ್ಡಗೋಡೆಯಾಯಿತು. ಇದನ್ನು ಅಭಿನವಗುಪ್ತನು ಎಣಿಸಿಲ್ಲ. ಅವನ ಕಾಲದ ರಂಗಭೂಮಿಯಲ್ಲಿ ಇದಕ್ಕೆ ಅವಕಾಶವೆಷ್ಟಿತ್ತೋ ಬೇರೆ ಮಾತು. ‘ಅರ್ಥವಾಗಲಿಲ್ಲ’ ಎಂಬ ಒಂದೇ ವಾಕ್ಯದಲ್ಲಿ ಎರಡು ದೂರುಗಳು ಅಡಗಿರಬಹುದು: ಸಂಗತಿ ತಿಳಿಯಲಿಲ್ಲ ಎಂಬುದೊಂದು, ಯಾರಿಗಾಗಿ ಮರುಗಬೇಕೆಂಬುದು ತಿಳಿಯಲಿಲ್ಲ ಎಂಬುದು ಇನ್ನೊಂದು. ಎರಡನೆಯದಕ್ಕೆ ಮೊದಲನೆಯದರ ಮದ್ದನ್ನು ಕೊಟ್ಟರು.

ಈ ಊಹೆಗೆ ಆಧಾರವುಂಟು. ಡೆನ್ವರ್ ಮತ್ತು ಡಲ್ಲಾಸ್‌ನವರು ನೋಡಿದ, ಇನ್ನೂ ಪೂರ್ತಿಯಾಗದ ಪಾಠದ ಪ್ರತಿಯೊಂದು 1990ರ ಮೇ ತಿಂಗಳಲ್ಲಿ ಲಾಸ್ ಏಂಜಲಿಸ್‌ನ ಫೇರ್‌ಫ್ಯಾಕ್ಸ್ ಚಿತ್ರಮಂದಿರದಲ್ಲಿ ಪ್ರದರ್ಶಿತವಾಯಿತು. ಅದರಲ್ಲಿ ನಿರೂಪಣೆಯು ಬ್ಯಾಟಿಯ ಮರಣದ ಬಳಿಯ ಕೆಲವು ಮಾತುಗಳನ್ನು ಬಿಟ್ಟರೆ ಇಲ್ಲವೇ ಇಲ್ಲ, ಸುಖಾಂತವೂ ಇಲ್ಲ. ಬಾಯಿಂದ ಬಾಯಿಗೆ ಸುದ್ದಿ ಹರಡಿತು. 1991ರಲ್ಲಿ ಅದೇ ಊರಿನ ನ್ಯೂಆರ್ಟ್‌ನಲ್ಲಿಯೂ ಸ್ಯಾನ್ ಫ್ರಾನ್ಸಿಸ್ಕೋವಿನ ಕ್ಯಾಸ್ಟ್ರೋವಿನಲ್ಲಿಯೂ ಅದನ್ನು ತೋರಿಸಿದಾಗ ಜನ ಕಿಕ್ಕಿರಿದು ಬಂದರು. ಒಂಬತ್ತು ವರ್ಷ ಹಿಂದೆ ತಿಳಿಯದೆಂದು ತಿರಸ್ಕೃತವಾದ ಪಾಠವೇ ಈಗ ಆಸ್ವಾದ್ಯವಾಯಿತು. ದೋಷವು ಪಾಠದಲ್ಲಿಯೇ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ.

ಆದರೆ ಇಲ್ಲಿ ಒಂದು ಪೂರ್ವಪಕ್ಷವನ್ನು ಎತ್ತಬಹುದು, ಅದು ಬಲವಾದದ್ದೇ. 1991ರ ಪ್ರೇಕ್ಷಕರು ಚಿತ್ರವನ್ನು ಮೊದಲ ಬಾರಿಗೆ ನೋಡಲು ಬಂದವರಲ್ಲ. ಅವರಲ್ಲಿ ಬಹುಮಂದಿ ಬಿಡುಗಡೆಯಾದ ಪಾಠವನ್ನು ವೀಡಿಯೋ ಸುರುಳಿಗಳಲ್ಲಿಯೋ 1987ರಲ್ಲಿ ಕ್ರೈಟೀರಿಯನ್ ಸಂಸ್ಥೆಯವರು ಹೊರತಂದ ಲೇಸರ್ ತಟ್ಟೆಯಲ್ಲಿಯೋ ಮನೆಯಲ್ಲಿ ನೋಡಿದವರಾಗಿರಬೇಕು. ಬೇಕಾದಲ್ಲಿ ನಿಲ್ಲಿಸಿ, ಹಿಂದಿರುಗಿಸಿ ನೋಡಿದವರು. ಅವರಿಗೆ ಕಥೆಯನ್ನು ಕಲಿಸಿದ್ದು ಆ ನಿಂದೆಗೀಡಾದ ನಿರೂಪಣೆಯೇ ಅಲ್ಲವೆ? ಟೀಕೆಯ ನೆರವಿನಿಂದ ಕಾವ್ಯವನ್ನು ಓದಿ ಮುಗಿಸಿದವನು ಆಮೇಲೆ ಮೂಲವನ್ನಷ್ಟೆ ಕೈಗೆತ್ತಿಕೊಂಡು, ಟೀಕೆ ಅನಾವಶ್ಯಕವೆಂದು ಹೇಳಿದ ಹಾಗಾಗಲಿಲ್ಲವೆ? ಈ ಆಕ್ಷೇಪವನ್ನು ನಾನು ಪೂರ್ತಿಯಾಗಿ ತಳ್ಳಿಹಾಕಲಾರೆ. ಕಾವ್ಯಾನುಶೀಲನದ ಅಭ್ಯಾಸದಿಂದ ಮನಸ್ಸು ಕನ್ನಡಿಯಂತೆ ನಿರ್ಮಲವಾದವನನ್ನೇ ಸಹೃದಯನೆಂದು ಕರೆದಿರುವಾಗ, ಆ ಅಭ್ಯಾಸದ ಮೊದಲ ಮೆಟ್ಟಿಲು ಕೆಟ್ಟ ಟೀಕೆಯೇ ಆಗಿದ್ದರೂ ಮೆಟ್ಟಿಲೆಂಬುದನ್ನು ಒಪ್ಪಬೇಕು. ಒಂದನ್ನು ಮಾತ್ರ ಹೇಳಬಹುದು: ಟೀಕೆಯು ಪುಟದ ಅಡಿಯಲ್ಲಿರುತ್ತದೆ, ಬೇಡವಾದವನು ಓದದೆ ಬಿಡುತ್ತಾನೆ, ಚಿತ್ರದ ನಿರೂಪಣೆಗೆ ಕಿವಿ ಮುಚ್ಚಿಕೊಳ್ಳುವುದು ಸಾಧ್ಯವಿಲ್ಲ.

1992ರಲ್ಲಿ ‘ನಿರ್ದೇಶಕರ ಪಾಠ’ವೆಂಬ ಹೆಸರಿನಲ್ಲಿ ಹೊರಬಂದ ಚಿತ್ರದಲ್ಲಿ ನಿರೂಪಣೆಯೂ ಸುಖಾಂತವೂ ಮಾಯವಾದುವು. ಜೊತೆಗೆ ಹೊಸದೊಂದು ಸೇರಿತು: ಡೆಕರ್ಡನು ಪಿಯಾನೋ ಬಳಿ ಕುಳಿತಿರುವಾಗ ಅವನ ಕಣ್ಣೆದುರಿಗೆ ಒಂಟಿಕೊಂಬಿನ ಕುದುರೆಯೊಂದು ಕಾಡಿನಲ್ಲಿ ಓಡುತ್ತದೆ. ಕೆಲವೇ ಕ್ಷಣಗಳ ದೃಶ್ಯ. ಆದರೆ ಚಿತ್ರದ ಕೊನೆಯಲ್ಲಿ ಗ್ಯಾಫ್ ಎಂಬ ಪೊಲೀಸಿನವನು ಡೆಕರ್ಡನ ಬಾಗಿಲ ಬಳಿ ಬಿಟ್ಟುಹೋದ, ಕಾಗದವನ್ನು ಮಡಿಸಿ ಮಾಡಿದ ಅದೇ ಪ್ರಾಣಿಯ ಬೊಂಬೆಯಿದೆ. ಹಿಂದಿನ ಪಾಠದಲ್ಲಿ ಅದರ ಅರ್ಥವು, ಗ್ಯಾಫನು ಬಂದಿದ್ದನು, ರೇಚಲಳನ್ನು ಕೊಲ್ಲದೆ ಬಿಟ್ಟನು ಎಂಬಷ್ಟೆ. ಈಗಲಾದರೋ, ಡೆಕರ್ಡನ ಕನಸು ಗ್ಯಾಫನಿಗೆ ಹೇಗೆ ಗೊತ್ತು, ಹಾಗಾದರೆ ಡೆಕರ್ಡನೂ ಕೃತಕಮಾನವನೇ ಎಂಬ ಶಂಕೆ ಏಳುತ್ತದೆ. ಹೌದೆಂದು ಸ್ಕಾಟ್ ಅವರು ಹೇಳುತ್ತಾರೆ. ಪ್ರೇಕ್ಷಕನು ನೆಚ್ಚುವುದಕ್ಕೆ ಮನುಷ್ಯನೊಬ್ಬನಾದರೂ ತೆರೆಯ ಮೇಲೆ ಬೇಕೆಂಬುದು ಚಿತ್ರೀಕರಣದ ಕಾಲದಲ್ಲಿ ಫೋರ್ಡ್ ಅವರ ವಾದವಾಗಿತ್ತು. ಪ್ರೇಕ್ಷಕರು ಇಂದಿಗೂ ಎರಡು ಪಂಗಡವಾಗಿದ್ದಾರೆ. 2017ರಲ್ಲಿ ಬಂದ ಉತ್ತರಕಥೆಯೂ ಈ ಪ್ರಶ್ನೆಯನ್ನು ಬಿಡಿಸದೆ ಹಾಗೆಯೇ ಇಟ್ಟಿದೆ.

ಹಾಗಾದರೆ ಇದು ಏಳನೆಯದಾದ ಸಂಶಯಯೋಗವಲ್ಲವೆ, ಇದರಿಂದ ರಸಕ್ಕೆ ಭಂಗವಾಗಬೇಡವೆ? ಆಗುವುದಿಲ್ಲ, ಕಾರಣವು ಶಾಸ್ತ್ರದಲ್ಲಿಯೇ ಇದೆ. ಅಲ್ಲಿ ಹೇಳಿರುವ ಸಂಶಯವು ಸಂಗತಿಯ ವಿಷಯವಾದುದಲ್ಲ, ಭಾವದ ವಿಷಯವಾದುದು. ಕಣ್ಣೀರೊಂದನ್ನೇ ಕಂಡರೆ ಅದು ಶೋಕದ್ದೋ ಆನಂದದ್ದೋ ತಿಳಿಯದು; ವಿಭಾವ, ಅನುಭಾವ, ವ್ಯಭಿಚಾರಿಗಳು ಒಟ್ಟುಗೂಡಿದಾಗ ಆ ಸಂಶಯವು ಹರಿಯುತ್ತದೆ. ಡೆಕರ್ಡನು ಯಾರಾದರೂ ಆಗಿರಲಿ, ಬ್ಯಾಟಿಯು ಮಡಿಯುವಾಗ ನೋಡುವವನ ಮನಸ್ಸಿನಲ್ಲಿ ಏಳುವ ಭಾವದಲ್ಲಿ ಸಂಶಯವಿಲ್ಲ. ಸಂಗತಿಯ ಸಂದೇಹವು ಮನೆಗೆ ಹೋಗುವ ದಾರಿಯಲ್ಲಿ ಮಾತಿಗೆ ವಸ್ತುವಾಗುತ್ತದೆ, ಅಷ್ಟೆ. 1982ರ ಪ್ರೇಕ್ಷಕನು ಸಂಗತಿಯನ್ನು ತಿಳಿದೂ ಭಾವದಲ್ಲಿ ತಡವರಿಸಿದನು. 1992ರವನು ಸಂಗತಿಯಲ್ಲಿ ತಡವರಿಸುತ್ತಲೇ ಭಾವವನ್ನು ಸವಿದನು.

2007ರಲ್ಲಿ ಸ್ಕಾಟ್ ಅವರು ‘ಅಂತಿಮಪಾಠ’ವನ್ನು ಸಿದ್ಧಪಡಿಸಿದಾಗ, ಪಾರಿವಾಳವು ಮಳೆಯಿರುಳಿನಿಂದ ಹಟಾತ್ತನೆ ನೀಲಿಯಾದ ಆಕಾಶಕ್ಕೆ ಹಾರುತ್ತಿದ್ದ ಹಳೆಯ ಕುಂದೂ ತಿದ್ದಲ್ಪಟ್ಟಿತು. ಅದೇ ವರ್ಷ ಐದು ಪಾಠಗಳನ್ನೂ ಒಂದೇ ಸಂಪುಟದಲ್ಲಿ ಮಾರಾಟಕ್ಕೆ ತಂದುದರಿಂದ ಪಾಠಾಂತರಗಳನ್ನು ಹೋಲಿಸುವ ಕೆಲಸ ಈಗ ಸುಲಭ. ಹಾಗೆ ಹೋಲಿಸಿ ನೋಡಿಯೂ ಫೋರ್ಡ್ ಅವರ ಆ ಬೇಸತ್ತ ಧ್ವನಿಯಿರುವ ಪಾಠವನ್ನೇ ಮೆಚ್ಚುವ ಪ್ರೇಕ್ಷಕರು ಇದ್ದಾರೆ. ಅವರು ಎಳೆಯ ವಯಸ್ಸಿನಲ್ಲಿ ಚಿತ್ರವನ್ನು ಮೊದಲು ನೋಡಿದ್ದು ಹಾಗೆ. ಆ ಧ್ವನಿಯಿಲ್ಲದ ಮಳೆ ಅವರಿಗೆ ಬರಿದೆನಿಸುತ್ತದೆ. ಇದನ್ನು ದೋಷಗಳ ಪಟ್ಟಿಯಿಂದ ವಿವರಿಸಲು ಬಾರದು. ವಾಸನೆಯ ಪ್ರಕರಣದಲ್ಲಿ ಬೇರೆಯಾಗಿಯೇ ವಿಚಾರಿಸಬೇಕು.